ಮಲಗಿದ್ದ ಲಿಂಡನ್ ಸಸಿಯನ್ನು ಎಬ್ಬಿಸಿದ್ದು

ರಾಣೆಬೆನ್ನೂರು ಸ್ಟೇಷನ್

ಬಾಣಂತನ ಮಾಡಲು ಗಂಡಸು ಹೋದದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ, ಕೇಳಿಲ್ಲ. ನಾನು ಹೋದೆ. ಅದೂ ಜರ್ಮನಿಗೆ.

ಮಗಳು ರೇಣುಕಾ ಅಲ್ಲಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಮಂಜುನಾಥ ಅದೇ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಜನವರಿಯಲ್ಲಿ ಅವರಿಗೆ ಹೆಣ್ಣು ಕೂಸು ಹುಟ್ಟಿತು. ಸಿರಿ ಅಂತ ಹೆಸರಿಟ್ಟರು. ತವರಿನಿಂದ ತಾಯಿ ಹೋಗಬೇಕಿತ್ತು. ತಾಯಿ, ಅಂದರೆ ನನ್ನ ಹೆಂಡತಿ ಶಾಂತವ್ವ, ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಬೀಗತಿಗೆ ಮೊಣಕಾಲು ನೋವು. ಉಳಿದವನು ನಾನೊಬ್ಬ.

ನಾನು ಹಲಗೇರಿ ರಸ್ತೆಯಲ್ಲಿ ಒಂದು ನರ್ಸರಿ ಇಟ್ಟುಕೊಂಡವನು. ಹೊಂಗೆ, ಬೇವು, ಹುಣಸೆ, ಬಸರಿ, ಹೀಗೆ ನೆರಳಿನ ಗಿಡಗಳೇ ಹೆಚ್ಚು. ಶಾಲೆಯವರು, ರಸ್ತೆಯವರು, ಹೊಲದ ಬದುವಿಗೆ ಹಚ್ಚುವವರು ಬಂದು ಒಯ್ಯುತ್ತಾರೆ. ಮೂವತ್ತು ವರ್ಷ ನಾನೂ ಶಾಂತವ್ವನೂ ಕೂಡಿ ಕರೀ ಚೀಲಗಳಿಗೆ ಮಣ್ಣು ತುಂಬಿದ್ದೇವೆ. ಸಸಿ ಸಾಕುವುದು ಬಿಟ್ಟರೆ ನನಗೆ ಇನ್ನೇನೂ ಬರುವುದಿಲ್ಲ. ಕೂಸಿಗೆ ಎಣ್ಣೆ ಹಚ್ಚುವುದಂತೂ ಮೊದಲೇ ಬರುವುದಿಲ್ಲ.

ಬ್ಯಾಡಗಿಯಿಂದ ನಾದಿನಿ ಬಂದು ಬಾಣಂತಿಗೆ ಅಂಟಿನುಂಡಿ ಕಟ್ಟಿಕೊಟ್ಟಳು. ಖಾರಪುಡಿ ಡಬ್ಬಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದಳು. ಆಮೇಲೆ ಒಂದು ತೆಂಗಿನಕಾಯಿ ಕೈಗೆ ಕೊಟ್ಟು, "ಕೂಸಿನ ತಲಿ ಹಿಂಗ ಹಿಡೀಬೇಕ್ರಿ, ಹಿಂಗ" ಅಂತ ಕಲಿಸಿದಳು. ಕಾಯಿ ಎರಡು ಸಲ ಕೈಜಾರಿ ಬಿತ್ತು. ಅವಳು ಬೇರೆ ಕಡೆ ಮುಖ ಮಾಡಿ ನಕ್ಕಳು.

ರೈಲಿಗೆ ಬಿಡಲು ಮೌಲಾಲಿ ಬಂದಿದ್ದ. ಇಪ್ಪತ್ತು ವರ್ಷದಿಂದ ನರ್ಸರಿಯಲ್ಲಿ ನಮ್ಮ ಜೊತೆಗಿರುವವನು. "ಕಾಕಾ, ಅಲ್ಲಿ ಭಾಳ ಥಂಡಿ ಅಂತ. ಕಿವಿ ಮುಚ್ಕೋರಿ. ಸಸಿ ನಾ ನೋಡ್ಕೋತೀನಿ, ನೀವು ಕೂಸಿನ್ನ ನೋಡ್ಕೋರಿ" ಅಂದ. ರೈಲು ಹೊರಟಿತು. ಶಾಂತವ್ವ ಇದ್ದಿದ್ದರೆ ದಾವಣಗೆರೆ ಬರುವುದರೊಳಗೆ ಬುತ್ತಿ ಬಿಚ್ಚುತ್ತಿದ್ದಳು. ನಾನು ಬೆಂಗಳೂರು ಬರುವವರೆಗೂ ಬಿಚ್ಚಲಿಲ್ಲ. ಒಬ್ಬನೇ ರೊಟ್ಟಿ ಮುರಿಯಲು ಮನಸ್ಸಾಗಲಿಲ್ಲ.

ಎಲೆ ಇಲ್ಲದ ಊರು

ಆ ಊರಿನ ಹೆಸರು ನನ್ನ ನಾಲಗೆಗೆ ಇವತ್ತಿಗೂ ಹೊರಳುವುದಿಲ್ಲ. ಫೆಬ್ರವರಿಯ ಮೊದಲ ವಾರ. ಅಳಿಯನ ಕಾರಿನಲ್ಲಿ ಬರುವಾಗ ಕಂಡದ್ದೆಂದರೆ ರಸ್ತೆಯ ಎರಡೂ ಬದಿಗೆ ಸಾಲುಸಾಲು ಬೋಳು ಮರಗಳು. ಒಂದರ ಮೇಲೂ ಒಂದೆಲೆ ಇಲ್ಲ. ಮನೆ ಮುಟ್ಟಿ, ಕೂಸಿನ ಮುಖ ನೋಡಿ, ಕಣ್ಣೊರೆಸಿಕೊಂಡು ನಾನು ಕೇಳಿದ ಮೊದಲ ಮಾತು: "ಯವ್ವಾ, ಈ ಊರಾಗ ಗಿಡಕ್ಕ ಏನರ ರೋಗ ಬಂದೈತೇನು?"

"ಇಲ್ಲಪ್ಪಾ, ಅವು ಲಿಂಡನ್. ಈಗ ಮಲಗ್ಯಾವು. ಏಪ್ರಿಲ್‌ದಾಗ ಏಳತಾವು" ಅಂದಳು ರೇಣುಕಾ. "ಬ್ಯಾಸಿಗ್ಯಾಗ ನೋಡ್ಬೇಕು ನೀ, ಆಕಾಶ ಕಾಣಂಗಿಲ್ಲ. ಅಷ್ಟು ನೆರಳು."

ನಾನು ನಂಬಲಿಲ್ಲ. ನಮ್ಮ ಬೇವು ಎಲೆ ಉದುರಿಸಿದರೆ ಹದಿನೈದು ದಿನದಲ್ಲಿ ಚಿಗುರು ತೋರಿಸುತ್ತದೆ. ಐದಾರು ತಿಂಗಳು ಮಲಗುವ ಗಿಡ ಎಂಥ ಗಿಡ?

ಅಲ್ಲಿನ ಜನರೂ ಹಾಗೇ ಅನ್ನಿಸಿತು. ಬಾಗಿಲು ಮುಚ್ಚಿಕೊಂಡರೆ ಮುಚ್ಚಿಕೊಂಡದ್ದೇ. ಎದುರಾದರೆ ಒಂದು ನಮಸ್ಕಾರ ಹೇಳುತ್ತಾರೆ, ನಿಲ್ಲುವುದಿಲ್ಲ. "ಯಾವೂರು, ಯಾರ ಪೈಕಿ, ಮಳಿ ಆಗೇತೇನು" ಅಂತ ಕೇಳುವವರಿಲ್ಲ. ಮಂಜುನಾಥ ಬೆಳಿಗ್ಗೆ ಹೋಗುತ್ತಿದ್ದ. ರೇಣುಕಾ ಕೂಸಿನ ಜೊತೆ ಮಲಗುತ್ತಿದ್ದಳು. ನಾನು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಬೋಳು ಮರ ಎಣಿಸುತ್ತಿದ್ದೆ. ಹದಿನೇಳು ಇದ್ದವು. ನಾಲ್ಕನೇ ದಿನ ಮತ್ತೆ ಎಣಿಸಿದೆ, ಹದಿನೇಳೇ.

ಐದನೇ ದಿನ ತಡೆಯಲಾರದೆ ಹೊರಬಿದ್ದೆ. ಚರ್ಚಿನ ಮುಂದೆ ಒಂದು ಭಾರಿ ಹಳೆಯ ಲಿಂಡನ್, ಸುತ್ತಲೂ ಮರದ ಬೆಂಚು. ನಮ್ಮೂರ ಅರಳೀಕಟ್ಟೆ ಕಂಡಷ್ಟು ಖುಷಿಯಾಯಿತು. ಹೋದವನೇ ಬೂಟು ಬಿಚ್ಚಿ ಬದಿಗಿಟ್ಟು ಕೂತೆ. ಕಟ್ಟೆ ಅಂದಮೇಲೆ ಕೆರ ಬಿಚ್ಚುವುದು ಕಾಲಿಗೇ ರೂಢಿಯಾದ ಕೆಲಸ, ತಲೆಯನ್ನು ಕೇಳಿ ಮಾಡುವುದಲ್ಲ. ನೆಲದ ಮೇಲೆ ಹಿಮವಿತ್ತು. ಹತ್ತು ನಿಮಿಷದಲ್ಲಿ ಪಾದಗಳು ನನ್ನವೋ ಇನ್ನೊಬ್ಬರವೋ ಗೊತ್ತಾಗದಂತಾದವು.

ಆಗ ಒಬ್ಬ ಮುದುಕಿ ಬಂದಳು. ನನ್ನ ಮುಖ ನೋಡಿದಳು, ಕಾಲುಚೀಲ ನೋಡಿದಳು, ಬೂಟು ನೋಡಿದಳು. ಬಗ್ಗಿ ಬೂಟುಗಳನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು. ನಾನು ಹಾಕಿಕೊಳ್ಳುವವರೆಗೂ ಸರಿಯಲಿಲ್ಲ. ಆಮೇಲೆ ನೋಡಿದರೆ ಅವಳು ನಮ್ಮ ಪಕ್ಕದ ಮನೆಯವಳೇ, ಎರ್ನಾ ಅಂತ. ಗಂಡ ಹೋಗಿ ಒಂಬತ್ತು ವರ್ಷ. ಅವಳ ಹಿತ್ತಲಿನಲ್ಲಿ, ಬೇಲಿಗೆ ಹತ್ತಿಕೊಂಡು, ತಾವಾಗಿಯೇ ಹುಟ್ಟಿದ ಎದೆ ಮಟ್ಟದ ಎರಡು ಎಳೆ ಲಿಂಡನ್ ನಿಂತಿದ್ದವು.

ಹೊಗೆ ಹಾಕಿದ ದಿನ

ಬಾಣಂತನದಲ್ಲಿ ನನ್ನ ಪಾಡು ಹೇಳಬಾರದು. ಕೂಸನ್ನು ಎರೆಯಲು ಬರಲಿಲ್ಲ. ಕೈಜಾರಿದ ಕಾಯಿಯ ನೆನಪಾಗಿ ಕೂಸನ್ನು ತಿರುಗಿ ಮಗಳ ಕೈಗೇ ಕೊಟ್ಟೆ. ಕಡೆಗೆ ರೇಣುಕಾಳೇ ಎರೆದಳು, ನಾನು ಟವೆಲ್ ಹಿಡಿದು ನಿಂತೆ. ಹೊಗೆಯನ್ನಾದರೂ ಹಾಕೋಣ ಅಂತ ಒಂದು ಹಳೇ ತವೆಯಲ್ಲಿ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊತ್ತಿಸಿದೆ. ಹೊಗೆ ಕಂಡರೆ ಎಚ್ಚರಿಸಲು ಮಾಡಿಗೆ ಅಂಟಿಸಿದ್ದ ಒಂದು ಬಿಳಿ ಬಿಲ್ಲೆ ಬಾಯಿಗೆ ಬಂದ ಹಾಗೆ ಕೂಗತೊಡಗಿತು. ಕೂಸು ಚೀರಿತು. ಪಕ್ಕದ ಎರ್ನಾ ಬಕೆಟ್ ನೀರು ಹಿಡಿದುಕೊಂಡೇ ಓಡಿ ಬಂದಳು.

ರೇಣುಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇರ್ಲಿ ಬಿಡಪ್ಪಾ, ನೀ ಸುಮ್ನ ಕುಂದ್ರು" ಅಂದಳು. ಆ ಮಾತು ನನಗೆ ಬಹಳ ಹತ್ತಿತು. ಏಳು ಸಾವಿರ ಕಿಲೋಮೀಟರ್ ದಾಟಿ ಸುಮ್ಮನೆ ಕೂರಲು ಬಂದ ಹಾಗಾಯಿತು.

ಆ ಸಂಜೆ ಚಹಾ ಕುಡಿಯುತ್ತ ಅವಳೇ ಮಾತು ತೆಗೆದಳು. "ಅಪ್ಪಾ, ಸಾಲ್ಯಾಗ ನನ್ನ ಹೆಸರಿಂದ ಒಂದು ಹೊಂಗಿ ಗಿಡ ಹಚ್ಚಿದ್ರಲ್ಲ, ನೆನಪೈತೇನು? ಅದು ಮೂರು ಸಲ ಸತ್ತಿತ್ತು."

ನನಗೆ ನೆನಪಿತ್ತು. ನಾವು ಶಾಲೆಗೆ ಕೊಟ್ಟ ಸಸಿಗಳಲ್ಲಿ ಕೆಲವನ್ನು ಆಡು ತಿನ್ನುತ್ತಿದ್ದವು, ಕೆಲವು ಒಣಗುತ್ತಿದ್ದವು. ಶಾಂತವ್ವ ಭಾನುವಾರ ಯಾರೂ ಇಲ್ಲದಾಗ ಹೋಗಿ, ಸತ್ತದ್ದನ್ನು ಕಿತ್ತು, ಹೆಚ್ಚುಕಡಿಮೆ ಅಷ್ಟೇ ಎತ್ತರದ ಇನ್ನೊಂದನ್ನು ನೆಟ್ಟು ಬರುತ್ತಿದ್ದಳು. ಗ್ಯಾಪ್ ತುಂಬುವುದು ಅಂತ ನಮ್ಮ ಕಸುಬಿನ ಮಾತು. "ಹುಡುಗರಿಗೆ ಹೇಳಬಾರದೇನು?" ಅಂದರೆ, "ತನ್ನ ಗಿಡ ಸತ್ತೈತಿ ಅಂತ ಕೂಸು ಯಾಕ ಅಳಬೇಕು? ಸುಮ್ಕಿರ್ರಿ" ಅನ್ನುತ್ತಿದ್ದಳು.

"ನಿನಗ ಹೆಂಗ ಗೊತ್ತಾತು?" ಅಂದೆ.

"ಶುಕ್ರವಾರ ನನ್ನ ಭುಜದ ಮಟ್ಟ ಇದ್ದ ಗಿಡ ಸೋಮವಾರ ಕಿವಿ ಮಟ್ಟ ಬಂದಿತ್ತು. ಎರಡು ದಿನಕ್ಕ ಅಷ್ಟು ಬೆಳೀತೈತೇನು?" ರೇಣುಕಾ ನಕ್ಕಳು. "ಅವ್ವಗ ಮಾತ್ರ ಹೇಳಲಿಲ್ಲ. ಪಾಪ, ಆಕಿ ಅಷ್ಟು ದೂರ ಮಣ್ಣ ಹೊತ್ಕೊಂಡು ಹೋಗಿರ್ತಿದ್ಳು."

ಶಾಂತವ್ವ ತೀರಿದ ಮೇಲೆ ನಾವಿಬ್ಬರೂ ಅವಳ ಬಗ್ಗೆ ನಕ್ಕದ್ದು ಅದೇ ಮೊದಲು.

ಸಸಿ ಬಂದ ದಿನ

ಆ ಊರಿನಲ್ಲಿ ಒಂದು ಪದ್ಧತಿ ಇದೆ. ಹುಟ್ಟಿದ ಪ್ರತಿ ಕೂಸಿನ ಹೆಸರಿನಲ್ಲಿ ಊರಿನವರು ಒಂದು ಲಿಂಡನ್ ಸಸಿ ಕೊಡುತ್ತಾರೆ. ಹೊಳೆದಂಡೆಯ ದಾರಿಯಲ್ಲಿ ಮನೆಯವರೇ ಹೋಗಿ ನೆಡಬೇಕು. ಕೂಸು ದೊಡ್ಡದಾಗುವ ಹೊತ್ತಿಗೆ ದಾರಿಗೆ ನೆರಳು ಬಂದಿರುತ್ತದೆ. ಈ ಮಾತು ಕೇಳಿ ನಾನು ಎದ್ದು ಕೂತೆ. ಬಾಣಂತನದಲ್ಲಿ ನನ್ನಿಂದ ಏನೂ ಆಗಲಿಲ್ಲ, ಇದಾದರೂ ಆಗಬೇಕು. ಏಪ್ರಿಲ್ ಕೊನೆಗೆ ನಾನು ವಿಮಾನ ಹತ್ತಬೇಕಿತ್ತು. ಅಷ್ಟರೊಳಗೆ ಮೊಮ್ಮಗಳ ಗಿಡ ನೆಲ ಹಿಡಿದದ್ದನ್ನು ಕಣ್ಣಾರೆ ನೋಡಿಯೇ ಹೋಗಬೇಕೆಂದು ಹಟ ಬಂತು.

ಫೆಬ್ರವರಿ ಕೊನೆಗೆ ಸಸಿ ಬಂತು. ನೋಡಿದರೆ ಎದೆ ಮಟ್ಟದ ಒಂದು ಒಣ ಕೋಲು. ಬೇರಿಗೆ ಮಣ್ಣೇ ಇಲ್ಲ. ಒದ್ದೆ ಗೋಣಿಯ ತುಂಡು ಸುತ್ತಿದ್ದರು, ಅಷ್ಟೇ. ನಮ್ಮಲ್ಲಿ ಹೀಗೆ ಬರಿಬೇರಿನ ಹೊಂಗೆ ಕೊಟ್ಟರೆ ಗಿರಾಕಿ ಮುಖಕ್ಕೆ ಒಗೆದು ಹೋಗುತ್ತಾನೆ. ನಾನು ಬುಡದಿಂದ ಒಂದು ಗೇಣು ಮೇಲೆ ಹೆಬ್ಬೆರಳ ಉಗುರಿನಿಂದ ತೊಗಟೆ ಗೀರಿದೆ. ಸಸಿ ಬದುಕಿದೆಯೋ ಸತ್ತಿದೆಯೋ ನೋಡುವ ನಮ್ಮ ರೀತಿ ಅದು. ಒಳಗೆ ಹಸಿರಿತ್ತು. ಗೀರು ಮಾತ್ರ ಸ್ವಲ್ಪ ಆಳವಾಗಿ, ಅಕ್ಕಿಕಾಳಿಗಿಂತ ಉದ್ದವಾಗಿ ಬಿತ್ತು. ಮೊದಲ ದಿನವೇ ಗಾಯ ಮಾಡಿದೆನಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆ ವಾರ ನೆಲ ಕಲ್ಲಿನಂತೆ ಹೆಪ್ಪುಗಟ್ಟಿ, ನೆಡುವ ದಿನ ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ಸಸಿಯನ್ನು ಗೋಣಿ ಬಿಚ್ಚದೆ ಹೊರಗೇ ನೆರಳಿನಲ್ಲಿಡಿ ಅಂತ ಊರಿನ ಕಚೇರಿಯಿಂದ ಕಾಗದ ಬಂತು. ರೇಣುಕಾ ಓದಿ ಹೇಳಿದಳು. "ಮೂವತ್ತು ವರ್ಷ ಸಸಿ ಸಾಕ್ಯೇನಿ. ನನಗ ಕಾಗದ ಓದಿ ಹೇಳ್ತಾರಂತ" ಅಂದೆ ನಾನು. ಹೊರಗೆ ಆ ಚಳಿ, ಪಾಪ ಬೇರು ಬರಿಬತ್ತಲೆ. ನನಗೆ ನೋಡಲಾಗಲಿಲ್ಲ. ಒಂದು ದೊಡ್ಡ ಬಕೆಟ್ಟಿನ ತಳಕ್ಕೆ ತೂತು ಹಾಕಿ, ಅಂಗಡಿಯ ಚೀಲದ ಮಣ್ಣು ತುಂಬಿ, ಸಸಿ ಇಟ್ಟು, ಮನೆಯೊಳಗೆ ಹೀಟರಿನ ಪಕ್ಕ ನಿಲ್ಲಿಸಿದೆ.

"ಯಪ್ಪಾ, ಒಳಗ ಯಾಕ ತಂದೀ?" ಅಂದಳು ರೇಣುಕಾ.

"ಕೂಸು ಒಳಗ, ಕೂಸಿನ ಗಿಡ ಹೊರಗೇನು?" ಅಂದೆ.

ಮೂರನೇ ವಾರ ಕೆಂಪು ಮೊಗ್ಗು ಉಬ್ಬಿದವು. ಆಮೇಲೆ ಒಡೆದು ಎಲೆ ಬಂತು. ಎಳೆ ಅರಳಿ ಎಲೆಯ ಹಾಗೇ, ಬಾಲ ಮಾತ್ರ ಇಲ್ಲ. ನನಗೆ ಆದ ಸಂತೋಷ ಹೇಳತೀರದು. ಆ ಊರಿಗೆ ಬಂದ ಮೇಲೆ ನಾನು ಮಾಡಿ ಫಲ ಕಂಡ ಕೆಲಸ ಅದೊಂದೇ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗಿಡದ ಪಕ್ಕ ಕೂರುತ್ತಿದ್ದೆ, ಈಗ ಕಾಯಿಯ ನೆನಪಾಗುತ್ತಿರಲಿಲ್ಲ. ವಿಡಿಯೋದಲ್ಲಿ ಮೌಲಾಲಿಗೆ ತೋರಿಸಿದೆ. "ಏನ್ರಿ ಕಾಕಾ, ಅಲ್ಲೂ ನರ್ಸರಿ ಹಚ್ಚಿಬಿಟ್ರಿ?" ಅಂದ. ನಾನು ಹಿಗ್ಗಿಹೋದೆ.

ಎರ್ನಾ ತಲೆ ಹಿಡಿದುಕೊಂಡದ್ದು

ಕೂಸಿಗೆ ಹೆಣೆದ ಕಾಲುಚೀಲ ಕೊಡಲು ಎರ್ನಾ ಬಂದಳು. ಹಸಿರು ಗಿಡ ನೋಡಿದವಳೇ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಉದ್ದಕ್ಕೆ ಏನೋ ಹೇಳಿದಳು. ರೇಣುಕಾಳ ಮುಖ ಸಣ್ಣದಾಯಿತು.

"ಏನಂತ?"

"ಮಲಗಿದ್ದನ್ನ ಎಬ್ಬಿಸೀರಿ ಅಂತಾಳಪ್ಪಾ. ಮಲಗಿದ್ರ ಎಂಥ ಚಳಿ ಬಂದ್ರೂ ತಡೀತಿತ್ತಂತ. ಎದ್ದ ಮ್ಯಾಲ ಹೊರಗಿಟ್ರ ಒಂದ ದಿನದ ಚಳಿಗೂ ಸುಟ್ಟು ಹೋಗ್ತೈತಂತ. ಮೇ ತಿಂಗಳ ನಡುವಿನ ತನಕ ಒಳಗ ಇಡಬೇಕಂತ."

ಅವರಲ್ಲಿ ಮೇ ನಡುವೆ ನಾಲ್ಕೈದು ದಿನಗಳಿಗೆ ಸಂತರ ಹೆಸರುಗಳಿವೆ. ಚಳಿ ಹೋಯಿತು ಅಂದುಕೊಂಡಾಗ ಆ ದಿನಗಳಲ್ಲಿ ಹಿಂದಿರುಗಿ ಬರುತ್ತದಂತೆ. ಕೊನೆಯವಳು ಒಬ್ಬ ಹೆಣ್ಣುಮಗಳು. ಅವಳು ದಾಟಿಹೋಗುವ ತನಕ ಎಳೆ ಎಲೆಯ ಸಸಿಯನ್ನು ಯಾರೂ ಹೊರಗೆ ನೆಡುವುದಿಲ್ಲ. ನಮ್ಮಲ್ಲಿ ರೋಹಿಣಿ, ಮೃಗಶಿರಾ ಅಂತ ಮಳೆಗೆ ಹೆಸರಿಟ್ಟುಕೊಂಡು ಬಿತ್ತುತ್ತೇವಲ್ಲ, ಹಾಗೆ. ಮಳೆಯ ಹದ ನೋಡದೆ ಬಿತ್ತುವವನನ್ನು ನಾನೇ ಕರೆದು ಬೈಯುತ್ತೇನೆ. ಇಲ್ಲಿ ನಾನೇ ಅಂಥವನಾಗಿದ್ದೆ.

ಮಾರ್ಚ್ ಕೊನೆಗೆ ಬೇರೆಯವರೆಲ್ಲ ತಮ್ಮ ಒಣ ಕೋಲುಗಳನ್ನು ನೆಟ್ಟು ಹೋದರು. ಸಾಲಿನಲ್ಲಿ ಸಿರಿಯ ಹೆಸರಿನ ಗೂಟದ ಪಕ್ಕ ಮಾತ್ರ ಬರೀ ಗುಂಡಿ ಉಳಿಯಿತು. ದಿನಾ ವಾಕಿಂಗ್ ನೆಪದಲ್ಲಿ ಹೋಗಿ ಆ ಗುಂಡಿ ನೋಡಿ ಬರುತ್ತಿದ್ದೆ.

ನಾನು ಸುಮ್ಮನಿರಲಿಲ್ಲ. ನಮ್ಮಲ್ಲಿ ಪರದೆಯ ನೆರಳಿನ ಸಸಿಯನ್ನು ಮಾರುವ ಮೊದಲು ಸ್ವಲ್ಪ ಸ್ವಲ್ಪವಾಗಿ ಬಿಸಿಲಿಗೆ ರೂಢಿ ಮಾಡುತ್ತೇವೆ. ಹಾಗೇ ಇದನ್ನು ಹಗಲು ಹೊರಗಿಟ್ಟೆ, ಸಂಜೆ ಒಳಗೆ ತಂದೆ. ಬಕೆಟ್ ಹೊತ್ತು ಸೊಂಟ ಹಿಡಿಯಿತು. ಏಪ್ರಿಲ್ ನಡುವೆ ನಾಲ್ಕು ದಿನ ಒಳ್ಳೆ ಬಿಸಿಲು ಬಿತ್ತು. ಜನ ಕುರ್ಚಿ ತಂದು ಸೂರ್ಯನಿಗೆ ಮುಖ ಮಾಡಿ ಕೂತರು. ನಾವು ನೆರಳು ಹುಡುಕಿ ಕುಂಡಿ ಊರುವವರು, ಅವರು ಬಿಸಿಲು ಹುಡುಕಿ. ಬೀದಿಯ ಹದಿನೇಳೂ ಲಿಂಡನ್ ಚಿಗುರತೊಡಗಿದ್ದವು. ನನ್ನ ವಿಮಾನಕ್ಕೆ ಹತ್ತು ದಿನ ಉಳಿದಿತ್ತು.

"ನಾಳೆ ಹಚ್ಚೋಣು" ಅಂದೆ.

"ಬ್ಯಾಡಪ್ಪಾ, ಎರ್ನಾ ಹೇಳ್ಯಾಳಲ್ಲ. ಮೇ ಆಗ್ಲಿ, ನಾವು ಹಚ್ಚತೀವಿ."

"ಮೇದಾಗ ನಾ ಎಲ್ಲಿರ್ತೀನಿ? ನಾ ಇನ್ನೊಮ್ಮೆ ಬರ್ತೀನೋ ಇಲ್ಲೋ. ನಿಮ್ಮವ್ವ ಅಂತೂ ನೋಡಲಿಲ್ಲ. ನಾನರ ನೋಡಿ ಹೋಗಬ್ಯಾಡೇನು?" ನನ್ನ ದನಿ ಏರಿತು. ಶಾಂತವ್ವನನ್ನು ಆ ಮಾತಿನಲ್ಲಿ ಎಳೆದು ತಂದದ್ದು ತಪ್ಪು, ಆಡುವಾಗಲೇ ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ಮರುದಿನ ನೆಟ್ಟೆವು. ರೇಣುಕಾ ಕೂಸನ್ನು ಎದೆಗೆ ಕಟ್ಟಿಕೊಂಡು ಬಂದಳು. ಗೂಟಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನೀರು ಹೊಯ್ದೆ. ಇಡೀ ಸಾಲಿನಲ್ಲಿ ಹಸಿರಾಗಿದ್ದದ್ದು ಅದೊಂದೇ ಸಸಿ. ಹೋಗಿ ಬರುವವರು ನಿಂತು ನೋಡುತ್ತಿದ್ದರು. ಆ ದಿನ ನಾನು ಹೊಟ್ಟೆ ತುಂಬ ಉಂಡೆ.

ಮೂರನೇ ಬೆಳಿಗ್ಗೆ ಎದ್ದರೆ ಹುಲ್ಲೆಲ್ಲ ಬೆಳ್ಳಗೆ. ಸ್ವೆಟರ್ ಕೂಡ ಹಾಕದೆ ಹೊಳೆದಂಡೆಗೆ ಓಡಿದೆ. ಎಲೆಗಳು ಕುದಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತಿದ್ದವು. ಅಕ್ಕಪಕ್ಕದ ಒಣ ಕೋಲುಗಳಿಗೆ ಏನೂ ಆಗಿರಲಿಲ್ಲ, ಹೊಸದಾಗಿ ನೆಟ್ಟವು ತಡವಾಗಿ ಏಳುತ್ತವೆ, ಅವು ಇನ್ನೂ ಮಲಗಿದ್ದವು. ನಾನು ತುದಿಯಲ್ಲಿ ಉಗುರು ಹಾಕಿ ನೋಡಿದೆ, ಕಂದು. ನಡುವೆ ನೋಡಿದೆ, ಕಂದು. ಬುಡದ ಹಳೇ ಗೀರಿನ ಹತ್ತಿರ ತುಸು ಹಸಿರಿತ್ತು, ಅಥವಾ ಇದೆ ಅಂತ ನನಗೆ ಅನ್ನಿಸಿತು. ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತೆ. ಶಾಂತವ್ವ ಹೋದಾಗಲೂ ಮಂದಿಯ ನಡುವೆ ಹೀಗೆ ಅಳಲು ಆಗಿರಲಿಲ್ಲ. ಇಲ್ಲಿ ನೋಡುವವರು ಯಾರೂ ಇರಲಿಲ್ಲ.

ರೇಣುಕಾ ಬಂದು ಪಕ್ಕ ಕೂತಳು. "ಬುಡ ಜೀವ ಐತಲ್ಲಪ್ಪಾ. ಚಿಗೀತೈತಿ ಬಿಡು. ನಾ ನೋಡ್ಕೋತೀನಿ" ಅಂದಳು. ನಾನು ತಲೆಯಾಡಿಸಿದೆ. ಅವಳು ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರಿಗೆ ಹೇಳುವ ದನಿ ಅದು, ನನಗೆ ತಿಳಿಯಿತು.

ಹೊರಡುವ ದಿನ ಎರ್ನಾ ಒಂದು ಬಟ್ಟೆಯ ಗಂಟು ಕೊಟ್ಟಳು, ಒಣಗಿಸಿದ ಲಿಂಡನ್ ಹೂವು. ಕಷಾಯ ಮಾಡಿ ಕುಡಿಯಬೇಕಂತೆ. ಲಿಂಡನ್ ಹೂ ಬಿಡುವುದು ಜೂನಿನಲ್ಲಿ. ಹೂವನ್ನೂ ಅದರ ನೆರಳನ್ನೂ ನೋಡದೆ ನಾನು ಬಂದೆ.

ಹಲಗೇರಿ ರಸ್ತೆ

ಬಂದಾಗ ಇಲ್ಲಿ ರಣ ಬಿಸಿಲು. ಮೌಲಾಲಿ ಸಸಿಗಳನ್ನೆಲ್ಲ ಚೆನ್ನಾಗಿ ನೋಡಿಕೊಂಡಿದ್ದ. ಹೂವಿನ ಕಷಾಯ ಕುಡಿದು, "ಜ್ವರದ ಔಷಧ ಇದ್ದಂಗೈತ್ರಿ ಕಾಕಾ" ಅಂತ ಮುಖ ಸಿಂಡರಿಸಿದ. ದಿನಾ ಫೋನು ಬರುತ್ತಿತ್ತು. ನಾನು ಗಿಡದ ಸುದ್ದಿ ಕೇಳುತ್ತಿರಲಿಲ್ಲ, ರೇಣುಕಾ ಹೇಳುತ್ತಿರಲಿಲ್ಲ.

ಜೂನ್ ಕೊನೆಗೆ ಒಂದು ಫೋಟೋ ಬಂತು. ಹೊಳೆದಂಡೆ. ರೇಣುಕಾಳ ತೊಡೆಯ ಮೇಲೆ ಸಿರಿ, ಹಿಂದೆ ಎದೆ ಮಟ್ಟದ ಸಸಿ. ಮೈತುಂಬ ಎಲೆ. ಗೂಟದ ಮೇಲೆ ನನ್ನ ಕುಂಕುಮ ಇನ್ನೂ ಇತ್ತು. "ಅಪ್ಪಾ, ನಿನ್ನ ಗಿಡ ಚಿಗತೈತಿ ನೋಡು" ಅಂತ ಕೆಳಗೆ ಬರೆದಿದ್ದಳು.

ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದೆ. ಬುಡ ನೋಡಿದೆ. ಒಂದು ಗೇಣು ಮೇಲೆ ನೋಡಿದೆ. ತೊಗಟೆ ನುಣ್ಣಗಿತ್ತು, ನನ್ನ ಉಗುರಿನ ಗೀರು ಇರಲಿಲ್ಲ. ಅಂಥ ಗೀರು ನಾಲ್ಕು ತಿಂಗಳಿಗೆ ಗುರುತಿಲ್ಲದಂತೆ ಮಾಯುವುದಿಲ್ಲ. ಸುತ್ತಲಿನ ಮಣ್ಣು ಹೊಸದಾಗಿ ಅಗೆದದ್ದು. ಹಿಂದಿನ ದಿನದ ವಿಡಿಯೋದಲ್ಲಿ ಎರ್ನಾಳ ಹಿತ್ತಲು ಕಂಡಿತ್ತು. ಬೇಲಿಗೆ ಹತ್ತಿಕೊಂಡು ಎರಡರ ಜಾಗದಲ್ಲಿ ಒಂದೇ ಲಿಂಡನ್ ಇದ್ದದ್ದು ಆಗ ಲಕ್ಷ್ಯಕ್ಕೆ ಬಂದಿರಲಿಲ್ಲ. ಎಲೆ ಇರುವಾಗ ಕಿತ್ತು ನೆಟ್ಟು ಬದುಕಿಸುವುದು ಸುಲಭವಲ್ಲ. ರೇಣುಕಾ ಬೇರಿಗೆ ಎಷ್ಟು ಮಣ್ಣು ಹಿಡಿಸಿ ಎತ್ತಿದ್ದಾಳೋ, ಎಷ್ಟು ಬಕೆಟ್ ನೀರು ಹೊತ್ತಿದ್ದಾಳೋ, ಅದೂ ಕೂಸನ್ನು ಕಟ್ಟಿಕೊಂಡು.

ಫೋನು ಹಚ್ಚಿದೆ.

"ನೋಡಿದೇನಪ್ಪಾ?" ಅಂದಳು.

"ನೋಡಿದೆ. ಚೊಲೋ ಚಿಗತೈತಿ."

"ಖರೇನ?"

"ಖರೇ. ನಾ ಹಚ್ಚಿದ ಗಿಡ ನನಗ ಗುರುತು ಸಿಗಂಗಿಲ್ಲೇನು?"

ಅವಳು ಕೂಸಿನ ಸುದ್ದಿಗೆ ಹೊರಳಿದಳು, ಹಲ್ಲು ಬರುವ ಹಾಗಿದೆಯಂತೆ. ಫೋನಿಟ್ಟ ಮೇಲೆ ನಾನು ಹೊಂಗೆ ಸಸಿಗಳ ಸಾಲಿನ ಕಡೆ ತಿರುಗಿದೆ. ಶಾಂತವ್ವ ಮಣ್ಣು ತುಂಬಲು ಕೂರುತ್ತಿದ್ದ ಜಾಗ ಅದು. "ನಿನ್ನ ಮಗಳು ಗ್ಯಾಪ್ ತುಂಬ್ಯಾಳ ನೋಡು" ಅಂತ ಹೇಳಬೇಕೆನ್ನಿಸಿತು. ಮೂವತ್ತು ವರ್ಷದಲ್ಲಿ ಅವಳಿಗೆ ಹೇಳಲೇಬೇಕಾದ ಮಾತು ನನ್ನ ಹತ್ತಿರ ಇದ್ದದ್ದು ಅದೊಂದೇ, ಕೇಳಲು ಅವಳಿರಲಿಲ್ಲ.